ನಾಟಿಂಗ್‌ಹ್ಯಾಮಿನ ನಾಟಿ ಕೋಳಿ

ಇಂಗ್ಲೆಂಡಿಗೆ ಹೋಗಿ ಬಂದವರು ರಾಣಿಯ ಅರಮನೆ ನೋಡಿ ಬರುತ್ತಾರೆ, ದೊಡ್ಡ ಗಡಿಯಾರದ ಕೆಳಗೆ ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಾನು ನೋಡಿಕೊಂಡು ಬಂದದ್ದು ಒಂದು ಕೋಳಿಯನ್ನು. ಹಾಗೆಂದಾಗ ಮದ್ದೂರಿನ ಸ್ನೇಹಿತರು ನಕ್ಕರು. ಕೋಳಿ ನೋಡುವುದಕ್ಕೆ ವಿಮಾನ ಹತ್ತಬೇಕಿತ್ತಾ ಮೇಷ್ಟ್ರೇ, ನಮ್ಮ ಹಿತ್ತಲಿಗೆ ಬಂದಿದ್ದರೆ ಜೊತೆಗೆ ಕಾಫಿಯನ್ನೂ ಕೊಡುತ್ತಿದ್ದೆವಲ್ಲ ಎಂದರು. ಅವರಿಗೆ ವಿಷಯ ಗೊತ್ತಿಲ್ಲ. ನನ್ನ ಹೆಂಡತಿಗೂ ಅವಳ ತಮ್ಮನಿಗೂ ಹತ್ತಿಕೊಂಡಿದ್ದ ಜಗಳವನ್ನು ತನ್ನ ತಲೆಯ ಮೇಲೆ ಹಾಕಿಕೊಂಡು ಸತ್ತ ಕೋಳಿ ಅದು. ಅದರ ಋಣ ಸ್ವಲ್ಪವಾದರೂ ತೀರಲಿ ಎಂದು ಬರೆಯಲು ಕುಳಿತಿದ್ದೇನೆ.

ಬರ್ಮಿಂಗ್‌ಹ್ಯಾಮ್

ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಜಯಮ್ಮ ನನ್ನ ಹೆಂಡತಿ. ಅವಳ ಒಬ್ಬನೇ ತಮ್ಮ ಪುಟ್ಟಸ್ವಾಮಿ ಲಫ್‌ಬರೋದಲ್ಲಿ ಎಂಜಿನಿಯರ್. ಮನೆ ಮಾಡಿರುವುದು ನಾಟಿಂಗ್‌ಹ್ಯಾಮಿನ ಪಕ್ಕದ ಬೀಸ್ಟನ್ನಿನಲ್ಲಿ. ಅವನಿಗೆ ಬುದ್ಧಿ ತಿಳಿಯುವ ಮೊದಲೇ ತಾಯಿ ತೀರಿಕೊಂಡಿದ್ದರಿಂದ ಜಯಮ್ಮನೇ ಎತ್ತಿ ಬೆಳೆಸಿದ್ದಳು. ನನಗೆ ಮದುವೆಯಾದಾಗ ಹೆಂಡತಿಯ ಟ್ರಂಕಿನ ಜೊತೆಯಲ್ಲೇ ಈ ತಮ್ಮನೂ ಮನೆಗೆ ಬಂದ, ನಮ್ಮಲ್ಲೇ ಉಂಡ, ನಮ್ಮಲ್ಲೇ ಓದಿದ. ಹಳೆಯ ಶತಮಾನ ಇನ್ನೇನು ಮುಗಿಯಿತು ಎನ್ನುವ ಹೊತ್ತಿನಲ್ಲಿ, ಒಂದು ಚಳಿಗಾಲ, ಇಲ್ಲಿಗೆ ಬಂದು ಒಂದಷ್ಟು ದಿನ ಇದ್ದು ಹೋಗಿ ಎಂದು ಟಿಕೆಟ್ ಕಳಿಸಿದ.

ಜಯಮ್ಮನಿಗೆ ಇಂಗ್ಲೆಂಡಿನಲ್ಲಿ ನೋಡಬೇಕಾದದ್ದು ಏನೂ ಇರಲಿಲ್ಲ. ಮಾಡಬೇಕಾದದ್ದು ಒಂದಿತ್ತು. ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಹೊಟ್ಟೆ ತುಂಬ ಹಿಟ್ಟು, ನಾಟಿ ಕೋಳಿ ಸಾರು ಬಡಿಸಬೇಕು. ಹಿಟ್ಟು ಎಂದರೆ ನಮ್ಮ ಕಡೆ ರಾಗಿ ಮುದ್ದೆ. ಅದಕ್ಕೆಂದೇ ರಾಗಿ ಹಿಟ್ಟು ಕಟ್ಟಿಕೊಂಡಳು, ಸಾರಿನ ಪುಡಿ ಕಟ್ಟಿಕೊಂಡಳು, ಮುದ್ದೆ ತಿರುವುವ ಕೋಲನ್ನು ಎರಡು ಸೀರೆಗಳ ನಡುವೆ ಮಲಗಿಸಿಕೊಂಡಳು. ಕೋಳಿ ಮಾತ್ರ ಅಲ್ಲೇ ಸಿಗುತ್ತದೆ ಎಂದು ನಂಬಿದ್ದಳು.

ಬರ್ಮಿಂಗ್‌ಹ್ಯಾಮ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ನಮ್ಮ ಸೂಟ್‌ಕೇಸ್ ಬಿಚ್ಚಿಸಿದ. ಸಾರಿನ ಪುಡಿಯನ್ನು ಮೂಸಿ ಸೀನಿದ. ಆಮೇಲೆ ಕೋಲು ಕೈಗೆ ಸಿಕ್ಕಿತು. ಇದೇನು ಎಂದು ಕೇಳಿದ. ಆ ಊರಿನ ಇಂಗ್ಲಿಷ್ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುವಂಥದ್ದು. ನಾನು ಜೀವಮಾನವಿಡೀ ಕಲಿಸಿದ ವ್ಯಾಕರಣವನ್ನೆಲ್ಲ ಒಟ್ಟುಗೂಡಿಸಿ ಒಂದು ಶುದ್ಧವಾದ ವಾಕ್ಯ ಕಟ್ಟುವಷ್ಟರಲ್ಲಿ ಜಯಮ್ಮ ಮುಂದೆ ಬಂದು, "ಹಿಟ್ಟು" ಎಂದಳು.

"ಹಿಟ್?" ಎಂದ ಅವನು.

"ಹಿಟ್ಟು, ಹಿಟ್ಟು," ಎಂದು ಜಯಮ್ಮ ಎರಡೂ ಮುಷ್ಟಿ ಬಿಗಿದು ಗಾಳಿಯಲ್ಲಿ ಜೋರಾಗಿ ತಿರುವಿ ತೋರಿಸಿದಳು.

"ಹಿಟ್ ಹೂ?"

ಇದು ಅವಳ ಕಿವಿಗೆ ಅಪ್ಪಟ ಕನ್ನಡದಂತೆ ಕೇಳಿಸಿತು. "ಹೂಂ," ಎಂದು ತಲೆಯಾಡಿಸಿದಳು. ಪಾಪ, ಅವನಿಗೂ ಅನುಕೂಲವಾಗಲಿ ಎಂದು ತನಗೆ ಬರುವ ಇಂಗ್ಲಿಷನ್ನೂ ಸೇರಿಸಿದಳು: "ಮೈ ಬ್ರದರ್."

ಅವನು ಕೋಲನ್ನು ನೋಡಿದ, ಜಯಮ್ಮನನ್ನು ನೋಡಿದ, ನನ್ನನ್ನು ಕನಿಕರದಿಂದ ನೋಡಿದ. ತನಗೂ ಊರಿನಲ್ಲಿ ಒಬ್ಬ ಅಕ್ಕ ಇದ್ದಾಳೆ ಎಂದು ಹೇಳಿ ಕೋಲನ್ನು ಅದರ ಜಾಗದಲ್ಲೇ ಇಟ್ಟು ಸೂಟ್‌ಕೇಸ್ ಮುಚ್ಚಿದ. ಹೊರಗೆ ಬಂದ ಮೇಲೆ ಜಯಮ್ಮ, ನೋಡಿದ್ರಾ, ಕನ್ನಡದಲ್ಲಿ ಹೇಳಿದರೂ ಅವರಿಗೆ ತಿಳಿಯುತ್ತದೆ, ನೀವು ಸುಮ್ಮನೆ ಕಷ್ಟಪಟ್ಟು ಇಂಗ್ಲಿಷ್ ಕಲಿತಿರಿ ಎಂದಳು.

ಬೀಸ್ಟನ್

ಬೀಸ್ಟನ್ನಿನ ಕೆಂಪು ಇಟ್ಟಿಗೆಯ ಮನೆಗಳು ಒಂದರ ಹೆಗಲಿಗೆ ಇನ್ನೊಂದು ಒರಗಿಕೊಂಡು ನಿಂತಿವೆ, ನಮ್ಮ ಸಕ್ಕರೆ ಕಾರ್ಖಾನೆಯ ಕ್ವಾರ್ಟರ್ಸಿನ ಹಾಗೆ. ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಕತ್ತಲಾಗುತ್ತದೆ. ಅಲ್ಲಿನ ಜನ ಬಸ್ಸಿಗೆ ಬುಸ್ ಎನ್ನುತ್ತಾರೆ. ಬುಸ್ ಬರುತ್ತದೆ ಎಂದು ಯಾರೋ ಹೇಳಿದಾಗ ಜಯಮ್ಮ ಸೀರೆ ಎತ್ತಿಕೊಂಡು ನೆಲ ನೋಡಿದ್ದಳು.

ಅದಕ್ಕಿಂತ ನನಗೆ ತಲೆನೋವಾದದ್ದು ಇನ್ನೊಂದು ಮಾತು. ಚೀಟಿ ಕೊಟ್ಟ ಬಸ್ಸಿನ ಡ್ರೈವರ್ ನನ್ನನ್ನು "ಡಕ್" ಎಂದ. ಬ್ರೆಡ್ ಕೊಟ್ಟ ಅಂಗಡಿಯಾಕೆ "ಮಿ ಡಕ್" ಎಂದಳು. ಯಾಕೆ ಮುಖ ಸಪ್ಪೆ ಮಾಡಿಕೊಂಡಿರಿ, ಏನಂದಳು ಎಂದು ಜಯಮ್ಮ ಕೇಳಿದಳು. ಬಾತುಕೋಳಿ ಎಂದಳು ಎಂದೆ. ನಡಿಗೆ ನೋಡಿ ಹೇಳಿರುತ್ತಾಳೆ ಎಂದಳು. ಆ ಸೀಮೆಯಲ್ಲಿ ಅದು ಪ್ರೀತಿಯ ಮಾತು, ನಮ್ಮಲ್ಲಿ ಅಪ್ಪಾ ಅಮ್ಮಾ ಎನ್ನುವ ಹಾಗೆ ಎಲ್ಲರಿಗೂ ಎನ್ನುತ್ತಾರೆ ಎಂದು ಪುಟ್ಟಸ್ವಾಮಿ ಸಮಾಧಾನ ಹೇಳಿದ. ಶಾಲೆಯಲ್ಲಿ ಮೇಷ್ಟ್ರು ಎನ್ನಿಸಿಕೊಂಡು ಬಾಳಿದವನಿಗೆ ಅಷ್ಟು ಬೇಗ ಸಮಾಧಾನವಾಗಲಿಲ್ಲ.

ನಾವು ಹೋದದ್ದು ಕ್ರಿಸ್‌ಮಸ್ ವಾರ. ಆ ವಾರ ಇಡೀ ದೇಶ ತಿನ್ನುತ್ತದೆ. ಪುಟ್ಟಸ್ವಾಮಿಯ ಮನೆಯಲ್ಲೂ ಕೇಕು, ಚಾಕೊಲೇಟು, ಬೆಣ್ಣೆಯಲ್ಲಿ ಮುಳುಗಿಸಿ ತೆಗೆದ ಬಿಸ್ಕತ್ತು, ಆಫೀಸಿನವರು ಕೊಟ್ಟ ಡಬ್ಬಿಗಳು. ಟಿವಿಯಲ್ಲಿ ಒಬ್ಬ ಹೆಂಗಸು ದಿನವೂ ಬಂದು ಕೆನೆ ಸುರಿಯುವುದು ಹೇಗೆಂದು ತೋರಿಸುತ್ತಿದ್ದಳು. ಡಿಸೆಂಬರ್ ಮುಗಿದ ಮರುಗಳಿಗೆಯೇ ಅದೇ ಹೆಂಗಸು ಬಿಗಿ ಚಡ್ಡಿ ತೊಟ್ಟು ಬಂದು, ಆ ಕೆನೆಯನ್ನು ಮೈಯಿಂದ ಇಳಿಸುವುದು ಹೇಗೆಂದು ಜಿಗಿದು ತೋರಿಸಿದಳು. ಅವರ ಹೊಸ ವರ್ಷ ಎಂದರೆ ಪಶ್ಚಾತ್ತಾಪದ ಹಬ್ಬ. ನಾವು ಯುಗಾದಿಗೆ ಬೇವನ್ನು ಮೊದಲೇ ತಿಂದು, ಪಶ್ಚಾತ್ತಾಪವನ್ನು ಮುಂಗಡವಾಗಿ ಮುಗಿಸಿ ನಿಶ್ಚಿಂತೆಯಿಂದ ಹೋಳಿಗೆಗೆ ಕೂರುತ್ತೇವೆ. ಇದರಲ್ಲಿ ನಮ್ಮ ಕ್ರಮವೇ ಮೇಲು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಯುಗಾದಿಯ ಮಾರನೆಯ ದಿನ ನಮ್ಮ ಮಂಡ್ಯ ಸೀಮೆಯಲ್ಲಿ ಹೊಸತೊಡಕು. ಅಂದು ಮನೆ ಮನೆಯಲ್ಲೂ ಬಾಡಿನ ಸಾರು ಕುದಿಯಬೇಕು. ಆ ದಿನ ಏನು ಉಂಡರೆ, ಯಾರ ಜೊತೆ ಕೂತು ಉಂಡರೆ, ವರ್ಷವೆಲ್ಲ ಹಾಗೇ ನಡೆಯುತ್ತದೆ ಎಂಬುದು ನಮ್ಮ ನಂಬಿಕೆ. ಜಯಮ್ಮ ಇದನ್ನೇ ಹಿಡಿದು ಒಂದು ಲೆಕ್ಕ ಹಾಕಿದಳು. ಇವರ ಯುಗಾದಿ ಜನವರಿ ಒಂದು ಎಂದ ಮೇಲೆ ಇವರ ಹೊಸತೊಡಕು ಜನವರಿ ಎರಡು. ಅಂದು ತಮ್ಮನಿಗೆ ತನ್ನ ಕೈಯ ಹಿಟ್ಟು, ನಾಟಿ ಕೋಳಿ ಸಾರು. ವರ್ಷ ವರ್ಷವೂ ದೂರದಲ್ಲಿರುವ ಹುಡುಗ, ಈ ಒಂದು ವರ್ಷವಾದರೂ ಅಕ್ಕನ ಕೈಯೂಟದಿಂದ ಶುರು ಮಾಡಲಿ ಎಂದು. ಇಂಗ್ಲಿಷರಿಗೆ ಹೊಸತೊಡಕು ಇಲ್ಲ ಎಂದು ನಾನು ಹೇಳಿ ನೋಡಿದೆ. ಅವರಿಗೆ ಗೊತ್ತಿಲ್ಲ ಅಂದ ಮಾತ್ರಕ್ಕೆ ದಿನ ಬರದೆ ಇರುತ್ತದಾ ಎಂದಳು.

ಬೀಸ್ಟನ್, ಅವರ ಯುಗಾದಿ

ಹೊಸ ವರ್ಷದ ಬೆಳಿಗ್ಗೆ ಪುಟ್ಟಸ್ವಾಮಿ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ಅಡುಗೆಮನೆಗೆ ಬಂದ. ಯಾವುದೋ ಹೊಲದವರು ಹಿಂದಿನ ದಿನವೇ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಒಳಗೆ ನಮ್ಮ ನವಿಲುಕೋಸಿನ ದೂರದ ನೆಂಟರಂತಿದ್ದ ಗಡ್ಡೆಗಳು, ಬಿಳಿಯ ಮುದಿ ಗಜ್ಜರಿಯಂಥವು, ಸುರುಟಿಕೊಂಡ ಕಪ್ಪು ಹಸಿರು ಸೊಪ್ಪು, ಕಂದು ಮೊಟ್ಟೆ. ಎಲ್ಲದರ ಮೇಲೂ ಕೆಸರು. ಜಯಮ್ಮ ತೊಳೆಯಲು ಕೈಹಾಕಿದರೆ ತಡಿ ಅಕ್ಕ ಎಂದು ತಡೆದ. ಆ ಮಣ್ಣೇ ಸಾಕ್ಷಿ, ನೇರ ನೆಲದಿಂದ ಬಂದದ್ದಕ್ಕೆ ಗುರುತು ಎಂದ. ನಲ್ಲಿಯಲ್ಲಿ ಬಿಸಿ ನೀರು ಬರುವ ದೇಶದಲ್ಲಿ ಮಣ್ಣಿಗೆ ಇಷ್ಟು ಮರ್ಯಾದೆ ಇರುವುದು ನೋಡಿ ನನಗೆ ಆಶ್ಚರ್ಯವಾಯಿತು. ನಮ್ಮೂರ ಸಂತೆಯಲ್ಲಿ ಸೊಪ್ಪಿಗೆ ಇಷ್ಟು ಮಣ್ಣಿದ್ದರೆ ಮಾರುವವಳಿಗೆ ಬೈಗುಳ ತಪ್ಪುತ್ತಿರಲಿಲ್ಲ.

ಆಮೇಲೆ ಅವನು ಸೊಂಟದ ಮೇಲೆ ಕೈಯಿಟ್ಟು ಘೋಷಣೆ ಮಾಡಿದ. "ಅಕ್ಕ, ಈ ವರ್ಷ ಪೂರ್ತಿ ನಮ್ಮನೇಲಿ ಸಿಂಪಲ್ ಊಟ. ಬರೀ ಫಾರಂದು. ಬೇರೇದು ಮುಟ್ಟಲ್ಲ."

ಜಯಮ್ಮನ ಮುಖ ಕಪ್ಪಿಟ್ಟಿತು.

ಇಲ್ಲಿ ಸ್ವಲ್ಪ ವಿವರಿಸಬೇಕು. ಇಂಗ್ಲಿಷರಿಗೆ ಫಾರಂ ಎಂದರೆ ಹಸಿರು ಬೇಲಿ, ಕೆಂಪು ಕೆನ್ನೆಯ ರೈತ, ಶುದ್ಧ ಹಾಲು. ನಮ್ಮ ಕಡೆ ಫಾರಂ ಎಂದರೆ ತಗಡಿನ ಶೆಡ್ಡಿನಲ್ಲಿ ರಾತ್ರಿಯೂ ದೀಪ ಉರಿಸಿ, ಸೂಜಿ ಚುಚ್ಚಿ, ಬೂದಿ ಬಣ್ಣದ ಉಂಡೆ ತಿನ್ನಿಸಿ ಉಬ್ಬಿಸಿದ ಬಿಳಿ ಕೋಳಿ. ನಿಂತರೆ ಕಾಲು ನಡುಗುತ್ತದೆ, ಬೇಯಿಸಿದರೆ ಹತ್ತಿಯ ಹಾಗಾಗುತ್ತದೆ. ಮಳೆಯಲ್ಲಿ ನೆನೆದು ಮೂರು ದಿನ ರಜ ಹಾಕುವ ಹುಡುಗರನ್ನು ನಾವು ಮೇಷ್ಟ್ರುಗಳು ಫಾರಂ ಕೋಳಿ ಎಂದೇ ಕರೆಯುತ್ತಿದ್ದೆವು. ಪುಟ್ಟಸ್ವಾಮಿ ಆ ದೇಶದಲ್ಲಿ ಇದ್ದೂ ಇದ್ದೂ ಮಾತಿನ ಈ ಮುಖವನ್ನು ಮರೆತಿದ್ದ. ಜಯಮ್ಮನಿಗೆ ಇನ್ನೊಂದು ಮುಖ ಇದೆ ಎಂದೇ ಗೊತ್ತಿರಲಿಲ್ಲ. ಅವಳಿಗೆ ಕೇಳಿಸಿದ್ದು ಇಷ್ಟು: ನಿನ್ನ ನಾಟಿ ಕೋಳಿ ಬೇಡ, ನನಗೆ ಫಾರಂ ಕೋಳಿಯೇ ಸಾಕು.

ಮಧ್ಯಾಹ್ನದ ಊಟಕ್ಕೆ ಇಬ್ಬರು ಅತಿಥಿಗಳಿದ್ದರು. ಒಬ್ಬರು ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿರುವ, ಧಾರವಾಡ ಕಡೆಯ ಡಾಕ್ಟರ್ ಪಾಟೀಲರು. ಇನ್ನೊಬ್ಬರು ಮಂಗಳೂರು ಕಡೆಯ ಶೆಟ್ಟರು, ಅಲ್ಲೇ ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಬಂದಾಗ ಇಬ್ಬರೂ ಪುಟ್ಟಸ್ವಾಮಿಯ ಹಾಗೆಯೇ ಬೆಂಗಳೂರಿನ ಸಪಾಟು ಕನ್ನಡ ಆಡುತ್ತಿದ್ದರು; ಮಾರ್ಟ್‌ಗೇಜು, ಕೌನ್ಸಿಲ್ ಟ್ಯಾಕ್ಸು ಎಂದು ಮಾತು ನಡೆದಿತ್ತು. ಪುಟ್ಟಸ್ವಾಮಿಯ ಹೆಂಡತಿ ಸವಿತಾ ಬಡಿಸಿದಳು. ಉಪ್ಪಿಲ್ಲದೆ ಬೇಯಿಸಿ ಹಿಸುಕಿದ ಗಡ್ಡೆ, ನೀರಿನಲ್ಲಿ ಅದ್ದಿ ತೆಗೆದ ಸೊಪ್ಪು, ತಲೆಗೊಂದು ಬೇಯಿಸಿದ ಮೊಟ್ಟೆ, ಗೋಡೆಗೆ ಹೊಡೆದರೆ ಗೋಡೆ ಒಡೆಯುವಂಥ ಬ್ರೆಡ್ಡು. ಅವಳೂ ಬಡಿಸುವಾಗ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ವೆರಿ ಹೆಲ್ದಿ, ವೆರಿ ಹೆಲ್ದಿ ಎನ್ನುತ್ತ ನೀರು ಕುಡಿದರು.

ಹೊಟ್ಟೆ ಹಸಿದಾಗ ಮನುಷ್ಯನ ಜಿಲ್ಲೆ ಹೊರಗೆ ಬರುತ್ತದೆ. ತಟ್ಟೆ ಇಡಲು ಅಡುಗೆಮನೆಗೆ ಬಂದ ಪಾಟೀಲರು ಜಯಮ್ಮನ ಹತ್ತಿರ ಪಿಸುಗುಟ್ಟಿದರು: "ಅಕ್ಕಾರ, ಇಂಥಾ ಥಂಡಿಗೆ ಒಂದ್ ಜವಾರಿ ಕೋಳಿ ಸಾರ ಇದ್ದಿದ್ರ ಹೆಂಗಿರ್ತಿತ್ತ್ರೀ."

ಹಿಂದೆಯೇ ಬಂದ ಶೆಟ್ಟರು, "ಊರ ಕೋಳಿಯೇ ಆಗ್ಬೇಕು ಮಾರಾಯ್ರೇ. ಆದ್ರೆ ಇಲ್ಲಿ ಎಲ್ಲಿ ಉಂಟು?" ಎಂದರು.

ಜವಾರಿಯೋ ಊರದ್ದೋ ನಾಟಿಯೋ, ಮೂವರ ಬಾಯಲ್ಲೂ ಬಂದದ್ದು ಒಂದೇ ಕೋಳಿ. ಅದು ಆ ಮನೆಯಲ್ಲಿ ಇಲ್ಲ ಎಂಬ ದುಃಖವೂ ಒಂದೇ. ಜಯಮ್ಮ ನಿಟ್ಟುಸಿರು ಬಿಟ್ಟಳು. "ಊರಿನ ಹೆಸರ್ನಲ್ಲೇ ನಾಟಿ ಅಂತ ಮಡಗವ್ರೆ. ಒಂದ್ ಕೋಳಿ ಮಡಗಕ್ಕೆ ಏನಾಗಿತ್ತು ಇವ್ರಿಗೆ?"

ಅತಿಥಿಗಳು ಹೋದ ಮೇಲೆ ಅವಳು ತಮ್ಮನ ಎದುರು ನಿಂತಳು. ದನಿ ಎತ್ತಲಿಲ್ಲ. "ಪುಟ್ಟಸಾಮಿ, ನನ್ ಕೈಯೂಟ ಬ್ಯಾಡ ಅಂದ್ರೆ ನೇರವಾಗ್ ಹೇಳ್ಲಾ. ಫಾರಂ ಗೀರಂ ಅಂತ ಯಾಕ್ ಸುತ್ತಿ ಬಳಸ್ತೀಯ?"

ಅವನಿಗೆ ತಲೆಬುಡ ತಿಳಿಯಲಿಲ್ಲ. ಫಾರಂ ಎಂದರೆ ಒಳ್ಳೆಯದು ಅಕ್ಕ ಎಂದ. ಒಳ್ಳೆಯದಾಗಿದ್ದರೆ ಒಬ್ಬರಾದರೂ ಎರಡನೇ ಸಲ ಹಾಕಿಸಿಕೊಳ್ಳುತ್ತಿದ್ದರು ಎಂದಳು. ಡಾಕ್ಟರು ರಕ್ತದಲ್ಲಿ ಕೊಬ್ಬಿದೆ ಎಂದಿದ್ದಾರೆ, ವ್ರತ ಹಿಡಿದಿದ್ದೇನೆ, ಮೊದಲ ದಿನವೇ ಮುರಿಯಲಾರೆ ಎಂದು ಅವನೂ ಬಿಗಿಯಾದ. ಕೊನೆಗೆ, ನಾಳೆ ಶನಿವಾರ, ಆ ಹೊಲಕ್ಕೇ ಕರೆದುಕೊಂಡು ಹೋಗುತ್ತೇನೆ, ಕಣ್ಣಾರೆ ನೋಡಿ ಆಮೇಲೆ ಹೇಳು ಎಂದ. ನಾಳೆ ಎಂದರೆ ಜನವರಿ ಎರಡು. ಜಯಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದಳು. ರಾಗಿ ಹಿಟ್ಟಿನ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ನನಗೆ ಅವಳನ್ನು ನೋಡಿ ಬಹಳ ಬೇಜಾರಾಯಿತು. ನಾನೇನೋ ಶಾಲೆಯಲ್ಲಿ ಕಲಿಸಿದವನು, ಮಾತು ಮಾತಿಗೆ ಅರ್ಥ ಹೇಳುವವನು. ಈ ಒಂದು ಫಾರಂಗೆ ಅಕ್ಕ ತಮ್ಮ ಇಬ್ಬರಿಗೂ ಒಪ್ಪುವ ಅರ್ಥ ಹೇಳಲು ನನ್ನಿಂದಾಗಲಿಲ್ಲ.

ಲಫ್‌ಬರೋ ಕಡೆಯ ಹೊಲ

ಹೊಲ ಲಫ್‌ಬರೋಗೆ ಹೋಗುವ ದಾರಿಯಲ್ಲಿತ್ತು. ಕಾರಿನಲ್ಲಿ ಅಕ್ಕ ಕಿಟಕಿಯಾಚೆ ನೋಡುತ್ತಿದ್ದಳು, ತಮ್ಮ ರಸ್ತೆ ನೋಡುತ್ತಿದ್ದ. ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಪುಟ್ಟಸ್ವಾಮಿಯ ಏಳು ವರ್ಷದ ಮಗಳು ಸಿಂಚನ. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಇಳಿದ ಕೂಡಲೇ ಪುಟ್ಟಸ್ವಾಮಿ ಹೆಮ್ಮೆಯಿಂದ ಬೇಲಿಯ ಕಡೆ ಕೈ ತೋರಿಸಿದ. ನೋಡು ಅಕ್ಕ, ಗೂಡಿಲ್ಲ, ಸೂಜಿಯಿಲ್ಲ, ಹುಲ್ಲಿನ ಮೇಲೆ ಆರಾಮಾಗಿ ಓಡಾಡುತ್ತಿವೆ ಎಂದ. ನಿಜ, ಓಡಾಡುತ್ತಿದ್ದವು. ಎಲ್ಲ ಕಂದು, ಎಲ್ಲ ಒಂದೇ ಎತ್ತರ, ಎಲ್ಲ ಒಂದೇ ಕಡೆಗೆ ಮುಖ. ಜಯಮ್ಮ ನೋಡಿ, "ಯೂನಿಫಾರಂ ಹಾಕ್ಕಂಡ್ ನಿಂತವೆ. ಫಾರಂ ಅಲ್ದೆ ಇನ್ನೇನು?" ಎಂದಳು. ಪುಟ್ಟಸ್ವಾಮಿ ಉಸಿರು ಬಿಟ್ಟು, ಹೆಂಡತಿ ಮಗಳನ್ನು ಕರೆದುಕೊಂಡು ಅಲ್ಲಿದ್ದ ಅಂಗಡಿಯ ಸಾಲಿಗೆ ಹೋಗಿ ನಿಂತ. ಸಾಲು ಉದ್ದವಾಗಿತ್ತು. ಪಶ್ಚಾತ್ತಾಪ ಪಡುವವರು ಇಡೀ ಜಿಲ್ಲೆಯಿಂದ ಬಂದಿದ್ದರು.

ನಾವಿಬ್ಬರೂ ಕೊಟ್ಟಿಗೆಯ ಹಿಂದಕ್ಕೆ ಹೋದೆವು. ಮೊಣಕಾಲವರೆಗೆ ಬೂಟು, ತಲೆಗೆ ವಸ್ತ್ರ ಕಟ್ಟಿದ್ದ, ಜಯಮ್ಮನದೇ ವಯಸ್ಸಿನ ಒಬ್ಬಾಕೆ ಬಕೆಟ್ ಹಿಡಿದು ಬಂದಳು. ಹೆಸರು ಡೋರೀನ್ ಎಂದು ಆಮೇಲೆ ತಿಳಿಯಿತು. ನನ್ನನ್ನು ನೋಡಿ, "ಏ ಅಪ್, ಮಿ ಡಕ್" ಎಂದು ಆ ಸೀಮೆಯ ನಮಸ್ಕಾರ ಹೇಳಿದಳು. ಬೇರೆ ಕಡೆ ಆಗಿದ್ದರೆ ನನಗೆ ಅರ್ಥವಾಗುತ್ತಿತ್ತು. ಆದರೆ ಅವಳ ಕಾಲ ಸುತ್ತ ನಿಜವಾದ ಬಾತುಕೋಳಿಗಳೇ ಓಡಾಡುತ್ತಿದ್ದವು. ಮಾರುತ್ತಿದ್ದಾಳೆ ಎಂದುಕೊಂಡು, ಡಕ್ ಬೇಡ ತಾಯಿ, ನಮಗೆ ಬೇಕಾದದ್ದು ಹೆನ್ ಎಂದು ಶುದ್ಧ ವ್ಯಾಕರಣದಲ್ಲಿ ಹೇಳಿದೆ. ಅವಳು ನಕ್ಕು, ಇಲ್ಲಿರುವವೆಲ್ಲ ಹೆನ್ನೇ, ಅಪ್ಪಟ ಫಾರಂ ಕೋಳಿಗಳು ಎಂದಳು.

ಫಾರಂ ಎಂಬ ಒಂದು ಮಾತು ಜಯಮ್ಮನ ಕಿವಿಗೆ ಬಿತ್ತು. ಅಷ್ಟು ಸಾಕಾಯಿತು. "ನೋ ಫಾರಂ," ಎಂದು ಕೈಯಾಡಿಸಿದಳು. "ನಾಟಿ. ನಾಟಿ ಹೆನ್."

ಡೋರೀನ್ ಬಕೆಟ್ ಕೆಳಗಿಟ್ಟಳು. "ನಾಟಿ ಹೆನ್?"

"ಎಸ್, ಎಸ್. ನಾಟಿ."

ಅವರ ಭಾಷೆಯಲ್ಲಿ ನಾಟಿ ಎಂದರೆ ತುಂಟ, ತರಲೆ. ಹೇಳಿದ ಮಾತು ಕೇಳದ ಮಕ್ಕಳಿಗೆ ಅನ್ನುವ ಮಾತು. ನನಗೆ ಇದು ಹೊಳೆಯುವಷ್ಟರಲ್ಲಿ, ತಿದ್ದಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಡೋರೀನಳ ಮುಖ ಅರಳಿಬಿಟ್ಟಿತ್ತು. ತರಲೆ ಕೋಳಿ ತಾನೇ, ನನ್ನಲ್ಲಿ ಒಂದಿದೆ ಬನ್ನಿ, ಅದರಿಂದ ಬಿಡುಗಡೆ ಸಿಕ್ಕರೆ ಸಾಕು ಎಂದು ಟ್ರ್ಯಾಕ್ಟರ್ ಶೆಡ್ಡಿನ ಕಡೆ ನಡೆದಳು. ದಾರಿಯುದ್ದಕ್ಕೂ ಆ ಕೋಳಿಯ ಅಪರಾಧಗಳನ್ನು ಹೇಳಿದಳು. ಬೇಲಿ ಹಾರುತ್ತದೆ. ಗೂಡಿಗೆ ಬರದೆ ಮರದ ಮೇಲೆ ಮಲಗುತ್ತದೆ. ಕೊಟ್ಟ ಕಾಳು ಬಿಟ್ಟು ಹುಳ ಹುಡುಕುತ್ತದೆ. ಬೇರೆ ಕೋಳಿಗಳ ಮೊಟ್ಟೆ ಒಡೆದು ಕುಡಿಯುತ್ತದೆ. ನಾಯಿಯನ್ನು ಅಟ್ಟಿಸಿಕೊಂಡು ಹೋಗುತ್ತದೆ. ನಾನು ಒಂದೊಂದನ್ನೇ ಕನ್ನಡಕ್ಕೆ ತಂದು ಹೇಳುತ್ತಿದ್ದರೆ ಜಯಮ್ಮ, ವರ ಹೇಗಿದ್ದಾನೆಂದು ಕೇಳಿಸಿಕೊಳ್ಳುವ ಹೆಣ್ಣಿನ ತಾಯಿಯಂತೆ, ಹೂಂ, ಹೂಂ ಎಂದು ತಲೆದೂಗುತ್ತಿದ್ದಳು.

ಶೆಡ್ಡಿನ ಮಾಡಿನ ಮೇಲೆ ಅದು ನಿಂತಿತ್ತು. ಚುಕ್ಕೆ ಚುಕ್ಕೆ ಮೈ, ಹರಿದ ಜುಟ್ಟು, ಉದ್ದ ಕಾಲು, ಕಣ್ಣಿನಲ್ಲಿ ಯಾರಿಗೂ ಬಗ್ಗದ ಸೊಕ್ಕು. ಡೋರೀನ್ ಏಣಿ ಹಾಕಿದಳು. ಅದು ಹಾರಿ ನನ್ನ ತಲೆಯ ಮೇಲೆ ಕಾಲೂರಿ, ಅಲ್ಲಿಂದ ಗೊಬ್ಬರದ ಗುಂಡಿಗೆ ಇಳಿಯಿತು. ನಾನು ತಪ್ಪಿಸಿಕೊಳ್ಳಲು ಹೋಗಿ ಅದರ ಪಕ್ಕದಲ್ಲೇ ಕೂತೆ. ಜಯಮ್ಮ ಗಂಡನನ್ನು ಎತ್ತುವುದು ಬಿಟ್ಟು ಸೆರಗು ಸಿಕ್ಕಿಸಿಕೊಂಡು ಒಂದೇ ನೆಗೆತಕ್ಕೆ ಕೋಳಿ ಹಿಡಿದಳು. ರೆಕ್ಕೆ ಬಿಡಿಸಿ ನೋಡಿದಳು, ಎದೆ ಒತ್ತಿ ನೋಡಿದಳು. ಬಂದ ದಿನದಿಂದ ಅವಳ ಮುಖದಲ್ಲಿ ಕಾಣದಿದ್ದ ನಗು ಈಗ ಕಂಡಿತು.

"ಇದು ಕೋಳಿ," ಎಂದಳು.

ವಯಸ್ಸಾದದ್ದು, ಬೂಟಿನ ಚರ್ಮದಷ್ಟು ಗಟ್ಟಿ, ಗಂಟೆಗಟ್ಟಲೆ ಕುದಿಸಬೇಕಾಗುತ್ತದೆ ಎಂದು ಡೋರೀನ್ ಪ್ರಾಮಾಣಿಕವಾಗಿ ಎಚ್ಚರಿಸಿದಳು. ಅನುವಾದ ಮಾಡಿದೆ. ಹಂಗೇ ಇರಬೇಕು ಎಂದಳು ಜಯಮ್ಮ. ತನ್ನ ಅಜ್ಜಿ ಬಿಟ್ಟರೆ ಇಂಥ ಕೋಳಿಯನ್ನು ಬಯಸಿ ಕೇಳಿದವರನ್ನು ತಾನು ನೋಡಿಲ್ಲ ಎಂದು ಡೋರೀನ್ ಅವಳ ಭುಜ ತಟ್ಟಿದಳು, ಅವಳನ್ನೂ ಡಕ್ ಎಂದಳು. ಆಮೇಲೆ ಕೋಳಿಯನ್ನು ಶೆಡ್ಡಿನ ಹಿಂದಕ್ಕೆ ಒಯ್ದು, ಪುಕ್ಕ ತೆಗೆದು, ಶುಚಿ ಮಾಡಿ ಕಾಗದದ ಚೀಲದಲ್ಲಿ ಹಾಕಿ ತಂದುಕೊಟ್ಟಳು. ಚೀಲದ ಮೇಲೆ ಅಂಗಡಿಯ ಎಲ್ಲ ಸಾಮಾನಿಗೂ ಅಂಟಿಸುವ ಹಸಿರು ಚೀಟಿಯನ್ನು ಅಭ್ಯಾಸಬಲದಿಂದ ಅಂಟಿಸಿದಳು.

ಸೊಪ್ಪಿನ ಚೀಲ ಹಿಡಿದು ಬಂದ ಪುಟ್ಟಸ್ವಾಮಿ ನಮ್ಮ ಚೀಲ ನೋಡಿ ನಿಂತ. ಅಕ್ಕ, ನನ್ನ ವ್ರತ ಎಂದು ಶುರು ಮಾಡಿದ. ನಾನು ಪ್ಯಾಂಟಿನ ಗೊಬ್ಬರ ಒರೆಸಿಕೊಳ್ಳುತ್ತ, ಮೊದಲು ಚೀಟಿ ಓದಪ್ಪ ಎಂದೆ. ಓದಿದ. ಈ ಫಾರಂನಲ್ಲೇ ಬೆಳೆದದ್ದು ಎಂದು ಬರೆದಿತ್ತು. ನಿನ್ನ ವ್ರತ ಏನು, ಫಾರಂದು ಬಿಟ್ಟು ಬೇರೇದು ಮುಟ್ಟಲ್ಲ ಎಂದಲ್ಲವೇ, ಇದು ಅದೇ ಎಂದೆ. ಜಯಮ್ಮ ಅದು ನಾಟಿ ಎಂದು ಗದರಿದಳು. ಅವಳಿಗೆ ನಾಟಿ, ನಿನಗೆ ಫಾರಂ, ಕೋಳಿಗೆ ಎರಡೂ ಒಂದೇ ಎಂದೆ. ನನ್ನ ವೃತ್ತಿಜೀವನದಲ್ಲಿ ನಾನು ಮಾಡಿದ ಅತ್ಯುತ್ತಮ ಪಾಠ ಅದು. ಪುಟ್ಟಸ್ವಾಮಿ ಕೊಬ್ಬಿನ ಮಾತೆತ್ತಿದ. ಅಷ್ಟು ಹೊತ್ತೂ ಸುಮ್ಮನಿದ್ದ ಸವಿತಾ ಚೀಲ ಬಿಚ್ಚಿ ನೋಡಿ, "ಇದರ ಮೈಯಲ್ಲಿ ಕೊಬ್ಬು ಎಲ್ಲಿದೆ ತೋರಿಸ್ರಿ. ನಿಮಗಿಂತ ಫಿಟ್ ಆಗಿದೆ," ಎಂದಳು. ಆ ಹೆಣ್ಣುಮಗಳ ಹಸಿವು ಅವಳ ಕಣ್ಣಿನಲ್ಲಿ ಕಾಣುತ್ತಿತ್ತು.

ಸಿಂಚನ ಮಾತ್ರ ಚೀಲದಿಂದ ದೂರ ಕೂತಳು. ಅತ್ತೆ ಅದನ್ನು ನಾಟಿ ನಾಟಿ ಎನ್ನುವುದನ್ನು ಕೇಳಿಸಿಕೊಂಡಿದ್ದಳು. "ವಾಟ್ ಡಿಡ್ ಶಿ ಡೂ?" ಎಂದು ಮೆಲ್ಲಗೆ ಕೇಳಿದಳು. ಬೇಲಿ ಹಾರಿತು, ಹೇಳಿದ ಮಾತು ಕೇಳಲಿಲ್ಲ ಎಂದೆ. ಅವಳು ಮನೆಗೆ ಬಂದು ಬೂಟುಗಳನ್ನು ಸಾಲಾಗಿ ಇಟ್ಟಳು, ಆಟದ ಸಾಮಾನೆಲ್ಲ ಎತ್ತಿಟ್ಟಳು, ಅಮ್ಮ ಕೊಟ್ಟ ಕಪ್ಪು ಸೊಪ್ಪನ್ನು ಒಂದು ಎಳೆಯೂ ಬಿಡದೆ ತಿಂದಳು. ನಾವು ವಾಪಸು ಬರುವವರೆಗೂ ಆ ಮಗು ಅಷ್ಟು ಒಳ್ಳೆಯ ನಡತೆಯಿಂದಲೇ ಇತ್ತು.

ಬೀಸ್ಟನ್, ಅವರ ಹೊಸತೊಡಕು

ಸಾರು ಕುದಿಯತೊಡಗಿದಾಗ ಬೀದಿಯಲ್ಲಿ ನಾಯಿ ಅಡ್ಡಾಡಿಸುತ್ತಿದ್ದವರು ನಿಂತು ನಿಂತು ಹೋದರು. ಪಾಟೀಲರು ನಿನ್ನೆ ಕೊಡೆ ಮರೆತು ಹೋದೆ ಎಂದು ಬಂದರು. ಶೆಟ್ಟರು ಅವರಿಗೆ ಕೊಡೆ ಹುಡುಕಲು ನೆರವಾಗಲು ಬಂದರು. ಕೊಡೆ ಪಾಟೀಲರ ಕೈಯಲ್ಲೇ ಇತ್ತು.

ಮುದ್ದೆ ತಿರುವುವಾಗ ಪಾತ್ರೆ ಅಲ್ಲಾಡದ ಹಾಗೆ ಯಾರಾದರೂ ಹಿಡಿಯಬೇಕು. ಹಿಂದೆ ನಮ್ಮ ಮನೆಯಲ್ಲಿ ಅದು ಪುಟ್ಟಸ್ವಾಮಿಯ ಕೆಲಸವಾಗಿತ್ತು. ಜಯಮ್ಮ ಕರೆಯಲಿಲ್ಲ, ಕರೆಯುವ ಮನಸ್ಸು ಇನ್ನೂ ಬಂದಿರಲಿಲ್ಲ. ಕೋಲು ಹಾಕಿ ಒಬ್ಬಳೇ ಒದ್ದಾಡುತ್ತಿದ್ದಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವನು ಕೈಗೆ ದಪ್ಪ ಬಟ್ಟೆಯ ಕೈಗವಸುಗಳನ್ನು ತೊಟ್ಟು ಬಂದು ಪಾತ್ರೆಯ ಎರಡೂ ಕಿವಿ ಹಿಡಿದ. ಅವಳು ತಿರುವಿದಳು. ಹಿಟ್ಟು ಗಂಟಿಲ್ಲದೆ ಬಂತು.

ಎಲ್ಲರೂ ಕೂತೆವು. ಪಾಟೀಲರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಪ್ಪಟ ಜವಾರಿ ಎಂದರು. ಶೆಟ್ಟರು ಊರದ್ದೇ, ಸಂಶಯ ಇಲ್ಲ ಎಂದರು. ಒಂದೇ ಪಾತ್ರೆಯಿಂದ ಒಬ್ಬೊಬ್ಬರೂ ತಮ್ಮ ತಮ್ಮ ಜಿಲ್ಲೆಯ ಕೋಳಿ ತಿಂದರು. ಪುಟ್ಟಸ್ವಾಮಿ ಹಿಟ್ಟು ಮುರಿದು ಸಾರಿಗದ್ದಿ ಬಾಯಿಗಿಟ್ಟ. ಇಟ್ಟವನು ಅಗಿಯತೊಡಗಿದ. ಬ್ರೆಡ್ಡು ಅಗಿದು ಅಗಿದು ಅಭ್ಯಾಸವಾಗಿತ್ತು. ಹಿಟ್ಟು ಹಲ್ಲಿಗೆ ಮೆತ್ತಿ ದವಡೆ ಕಟ್ಟಿಕೊಂಡಿತು. ಮಗಳ ಎದುರು, ಅತಿಥಿಗಳ ಎದುರು, ಏನು ಮಾಡಬೇಕೆಂದು ತಿಳಿಯದೆ ಅಕ್ಕನ ಮುಖ ನೋಡಿದ.

ಜಯಮ್ಮ ಸೌಟು ಕೆಳಗಿಟ್ಟಳು. ತಾಯಿಯಿಲ್ಲದ ಒಂದು ಪುಟ್ಟ ಹುಡುಗನಿಗೆ ಮೊದಲ ಸಲ ಹಿಟ್ಟು ಉಣ್ಣಿಸುವಾಗ ಅವಳು ಹೇಳಿದ್ದ ಮಾತನ್ನೇ ಮತ್ತೆ ಹೇಳಿದಳು. "ಜಗೀಬ್ಯಾಡ ಮಗಾ. ನುಂಗು."

ನುಂಗಿದ. ಇನ್ನೊಂದು ತುತ್ತು ನುಂಗಿದ. ತಟ್ಟೆ ಮುಂದೆ ಚಾಚಿ ಇನ್ನೊಂದು ಹಿಟ್ಟು ಹಾಕಕ್ಕ ಎಂದ. ಜಯಮ್ಮ ಹಿಟ್ಟು ತರಲು ಒಳಗೆ ಹೋದವಳು ಬೇಗ ಬರಲಿಲ್ಲ. ನಾನು ಹೋಗಿ ನೋಡಿದೆ. ಅಳುತ್ತಿದ್ದಳು. ಖಾರಕ್ಕೆ, ಹೊಗೆಗೆ ಎಂದು ನೆಪ ಹೇಳುವ ಹೆಂಗಸಲ್ಲ ಅವಳು. ಹುಡುಗ ಉಂಡ ಎಂದಳು, ಮುಖ ತೊಳೆದುಕೊಂಡು ಬಡಿಸಲು ಹೋದಳು.

ಮದ್ದೂರು

ವಾಪಸು ಬರುವಾಗ ಸೂಟ್‌ಕೇಸಿನಲ್ಲಿ ಕೋಲು ಇರಲಿಲ್ಲ. ಮರೆತೆಯಾ ಎಂದು ಕೇಳಿದ್ದಕ್ಕೆ ಜಯಮ್ಮ, ಇಲ್ಲ ಎಂದಷ್ಟೇ ಹೇಳಿದಳು.

ಆ ವರ್ಷದ ಯುಗಾದಿ ಮುಗಿದು, ನಮ್ಮ ನಿಜವಾದ ಹೊಸತೊಡಕಿನ ದಿನ, ಪುಟ್ಟಸ್ವಾಮಿಯ ಫೋನ್ ಬಂತು. ಮೊದಲು ನನ್ನ ಜೊತೆ ಮಾತಾಡಿದ. ಡೋರೀನ್ ಈಗ ಗೇಟಿನ ಬಳಿ ಹಲಗೆ ಹಾಕಿ ನಾಟಿ ಹೆನ್ಸ್ ಎಂದು ದೊಡ್ಡದಾಗಿ ಬರೆಸಿದ್ದಾಳಂತೆ. ಲಫ್‌ಬರೋ, ನಾಟಿಂಗ್‌ಹ್ಯಾಮಿನ ಕನ್ನಡದವರೆಲ್ಲ ಹೋಗಿ ಸಾಲು ನಿಲ್ಲುತ್ತಾರಂತೆ. ಅವರನ್ನು ನೋಡಿ ಇಂಗ್ಲಿಷರೂ, ತುಂಟ ಕೋಳಿಗೆ ರುಚಿ ಹೆಚ್ಚೆಂದು ನಂಬಿ, ನಿಲ್ಲತೊಡಗಿದ್ದಾರಂತೆ. ಇದ್ದ ತರಲೆ ಕೋಳಿಗಳೆಲ್ಲ ಮುಗಿದುಹೋಗಿ, ಒಳ್ಳೆಯ ಕೋಳಿಗಳೂ ಸ್ವಲ್ಪ ಕೆಡಲಿ ಎಂದು ಡೋರೀನ್ ಬೇಲಿಯ ಬಾಗಿಲನ್ನೇ ತೆಗೆದಿಟ್ಟಿದ್ದಾಳಂತೆ. ಹಲಗೆಯ ಮೇಲೆ ಜವಾರಿ ಎಂದೂ ಬರೆಸಬೇಕು ಎಂದು ಪಾಟೀಲರು ಹಟ ಹಿಡಿದಿದ್ದಾರಂತೆ. ನಾನು ನಗುತ್ತಿದ್ದಾಗಲೇ ಜಯಮ್ಮ ಫೋನ್ ಕಿತ್ತುಕೊಂಡಳು. ಅವನು ಆ ದೂರದಿಂದ ಕೂಗಿಯೇ ಮಾತಾಡುವುದರಿಂದ ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳಿಸುತ್ತಿತ್ತು.

"ಏನ್ ಉಂಡ್ಯಲಾ ಇವತ್ತು?"

"ಹಿಟ್ಟು ಅಕ್ಕ."

"ಯಾರ್ ತಿರುವಿದ್ರು?"

"ನಾನೇ. ಸವಿತಾ ಪಾತ್ರೆ ಹಿಡ್ಕಂಡಿದ್ಲು."

ಜಯಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ಗೋಡೆಯ ಕಡೆ ತಿರುಗಿದಳು. ಫೋನಿನ ಹಣ ಸುಮ್ಮನೆ ಹೋಗುತ್ತಿದೆ ಎಂದು ನಾನು ಸನ್ನೆ ಮಾಡಿದೆ. ನನ್ನ ಕಡೆ ನೋಡಲಿಲ್ಲ.

"ಗಂಟಾಯ್ತಾ?"

"ತುಂಬ ಆಯ್ತಕ್ಕ."

"ಆಗ್ಲಿ ಬುಡು," ಎಂದಳು. "ಜಗೀಬ್ಯಾಡ. ನುಂಗು."